ರಿಂಗಿಗೆ ಬುಡ ಯಾವುದು, ಬಾಯಿ ಯಾವುದು

1976ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಕ್ಲಾಸು, ಅದೂ ಅರ್ಧ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ಪಾತ್ರೆಗೆ ಹೆಸರು ಹೊಡೆಯುವ ಅಂಗಡಿಯಲ್ಲಿ ಕೂತೆ. ಮದುವೆಗೆ ಕೊಡುವ ಕೊಳಗ, ತಂಬಿಗೆ, ತಟ್ಟೆಗಳ ಮೇಲೆ ಕೊಟ್ಟವರ ಹೆಸರು, ತಾರೀಕು ಹೊಡೆಯುವ ಕೆಲಸ. ಹತ್ತನೇ ಕ್ಲಾಸು ಪಾಸಾದವರು ಅಪ್ಪನ ಹೆಸರನ್ನು ಚೀಟಿಯಲ್ಲಿ ತಪ್ಪಾಗಿ ಬರೆದು ತಂದರೆ ಸರಿಮಾಡಿ ಹೊಡೆದು ಕಳಿಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದು ನನ್ನ ಒಂದು ದೊಡ್ಡ ತಪ್ಪಿನ ವಿಷಯ. ಅಕ್ಷರ ಬಾರದೆ ಮಾಡಿದ ತಪ್ಪು ಅಂತ ಯಾರೂ ತಿಳಿಯಬಾರದು.

ಆಮೇಲೆ ಸುಮಾರು ಮೂವತ್ತೈದು ವರ್ಷ ನಾನು ಮಾಡಿದ್ದು ಸಾಕುಹಕ್ಕಿಗಳ ಮರಿಗಳ ಕಾಲಿಗೆ ಗುರುತಿನ ರಿಂಗು ಹಾಕುವ ಕೆಲಸ. ಈಗ ಹೊಸಬರು ಈ ಕೆಲಸಕ್ಕೆ ಬರುತ್ತಿದ್ದಾರೆ. ಫೋನಿನಲ್ಲಿ ವಿಡಿಯೋ ನೋಡಿ ಕಲಿಯುತ್ತಾರೆ. ವಿಡಿಯೋದಲ್ಲಿ ಬೆರಳು ಕಾಣುತ್ತದೆ, ಮನುಷ್ಯರು ಕಾಣುವುದಿಲ್ಲ. ನನ್ನ ಒಂದು ರಿಂಗಿನಿಂದ ಸಿರುಗುಪ್ಪದ ಹುಲಿಗೆಮ್ಮ ಎಂಬ ಹೆಣ್ಣುಮಗಳಿಗೆ ಕಳ್ಳಿ ಅಂತ ಹೆಸರು ಬಂತು. ಅದು ಹೇಗೆ ಬಂತು ಅಂತ ತಿಳಿಯಬೇಕಾದರೆ ಮೊದಲು ಕೆಲಸ ತಿಳಿಯಬೇಕು.

ಕೆಲಸಕ್ಕೆ ನನ್ನನ್ನು ಎಳೆದವರು ಖಾದರ್ ಸಾಬರು. ಬಳ್ಳಾರಿಯಲ್ಲಿ ಪಾರಿವಾಳ ಹಾರಿಸುವ ನಮ್ಮ ಗುಂಪಿಗೆ ಅವರೇ ಹಿರಿಯರು. ಒಂದು ದಿನ ಅಂಗಡಿಗೆ ಬಂದು ಮೊಳದುದ್ದ ಅಲ್ಯೂಮಿನಿಯಂ ಕೊಳವೆ ಮುಂದಿಟ್ಟರು.

"ಇದನ್ನ ಬಳಿ ಹಂಗ ಕೊಯ್ದು ನಂಬರ್ ಹೊಡಿತೀಯೇನು ನಾಗಪ್ಪ?"

"ಯಾರ ಕೈಗೆ ಸಾಹೇಬ್ರೇ, ಇಷ್ಟು ಸಣ್ಣ ಬಳಿ?"

"ಕೈಗಲ್ಲಲೇ, ಕಾಲಿಗೆ."

ಹಾಗೆ ಶುರುವಾಯಿತು. ಮೊದಲು ರಿಂಗು ಮಾಡುವುದು ಮಾತ್ರ ನನ್ನ ಕೆಲಸ. ಹಾಕುವುದನ್ನು ಅವರವರೇ ಮಾಡುತ್ತಿದ್ದರು, ಮರಿಗಳ ಕಾಲು ಮುರಿಯುತ್ತಿದ್ದರು. ನೋಡಲಾರದೆ ನಾನೇ ಕಲಿತೆ.

ಪಾರಿವಾಳದ ಮರಿಯಾದರೆ ಹುಟ್ಟಿದ ಏಳನೇ ದಿನದ ಹೊತ್ತಿಗೆ ಹಾಕಬೇಕು. ಮುಂದಿನ ಮೂರು ಬೆರಳು ಕೂಡಿಸಿ ಹಿಡಿದು ರಿಂಗು ಪೋಣಿಸಬೇಕು. ಹಿಂದಿನ ಬೆರಳನ್ನು ಕಾಲಿಗೆ ಒತ್ತಿಕೊಂಡು ಅದರ ಮೇಲೂ ಸರಿಸಬೇಕು. ಕೊನೆಗೆ ಆ ಹಿಂದಿನ ಬೆರಳನ್ನು ಮೊಂಡು ಕಡ್ಡಿಯಿಂದ ಮೆಲ್ಲಗೆ ಹೊರಗೆ ಎಳೆಯಬೇಕು. ಎರಡು ದಿನ ಮೊದಲು ಹಾಕಿದರೆ ಕಳಚಿ ಬೀಳುತ್ತದೆ. ನಾಲ್ಕು ದಿನ ತಡವಾದರೆ ಬೆರಳು ಬೆಳೆದು ಹೋಗಿರುತ್ತದೆ, ರಿಂಗು ಹೋಗುವುದಿಲ್ಲ. ಸರಿಯಾಗಿ ಹೋದ ರಿಂಗು ಜೀವಮಾನ ಹೊರಗೆ ಬರುವುದಿಲ್ಲ, ಕೊಯ್ದರೆ ಮಾತ್ರ.

ಈ ಕೆಲಸದ ಬೆಲೆಯೆಲ್ಲ ಅದರಲ್ಲೇ ಇದೆ. ಸೀಳು, ಬೆಸುಗೆ ಇಲ್ಲದ ರಿಂಗು ಕಾಲಿನಲ್ಲಿದ್ದರೆ ಈ ಹಕ್ಕಿ ಇಂಥವರ ಗೂಡಿನಲ್ಲಿ, ಇಂಥ ವರ್ಷ, ಮನುಷ್ಯರ ಕಣ್ಣೆದುರಿಗೆ ಹುಟ್ಟಿದ್ದು ಅಂತ ಅರ್ಥ. ವರ್ಷಕ್ಕೊಂದು ಬಣ್ಣ, ಮರಿಗೊಂದು ನಂಬರು. ಅದಕ್ಕೇ ಎಲ್ಲರಿಗೂ ಅದರ ಮೇಲೆ ಕಣ್ಣು. ನಾನು ನೋಡಿದ ಮಟ್ಟಿಗೆ ರಿಂಗು ಕೇಳಿ ಬಂದ ನಾಲ್ವರಲ್ಲಿ ಒಬ್ಬನಾದರೂ ಮೋಸಕ್ಕೆ ಬಂದಿರುತ್ತಿದ್ದ. "ನಾಗಣ್ಣಾ, ಒಂದೀಟು ಅಗಲ ಮಾಡಿ ಕೊಡ್ರಿ, ನಮ್ಮ ಹಕ್ಕಿ ಕಾಲು ದಪ್ಪ ಅದಾವು" ಅನ್ನುತ್ತಾರೆ. ಕಾಲು ದಪ್ಪ ಅಲ್ಲ, ಹಕ್ಕಿಗೆ ಎರಡು ವರ್ಷ ವಯಸ್ಸಾಗಿರುತ್ತದೆ. ಈ ವರ್ಷದ ರಿಂಗು ತೊಡಿಸಿ ಎಳೆ ಹಕ್ಕಿ ಅಂತ ಸ್ಪರ್ಧೆಗೆ ಬಿಡುವುದು ಅವರ ಲೆಕ್ಕಾಚಾರ. ಸೋಪು ಹಚ್ಚಿ ಬಲವಂತವಾಗಿ ತೂರಿಸಿದ ಹಕ್ಕಿಗಳೂ ನನ್ನ ಮುಂದೆ ಬಂದಿವೆ. ಹಿಂದಿನ ಬೆರಳಿನ ಮೇಲೆ ಪೊರೆ ಎದ್ದಿರುತ್ತದೆ. ಸುಮ್ಮನೆ ಮೂಸಿ ನೋಡಿದರೂ ಸಾಕು, ಪಾರಿವಾಳದಿಂದ ಬಟ್ಟೆ ಸೋಪಿನ ವಾಸನೆ ಬರಬಾರದು.

ಒಬ್ಬರು ದೊಡ್ಡ ಕಾರಿನಲ್ಲಿ ಬಂದರು. ಪಂಜರದಲ್ಲಿ ನಮ್ಮ ಹೊಲದ ಹಸಿರು ಗಿಳಿ ಐದು. "ಇವಕ್ಕೂ ಹಾಕಿಬಿಡಪಾ, ಮನಿಯಾಗ ಹುಟ್ಟ್ಯಾವ ಅಂತ ಆಗ್ತೈತಿ" ಅಂದರು. ಆ ಗಿಳಿಯನ್ನು ಹಿಡಿಯುವುದೂ ಕಾನೂನಿಗೆ ವಿರುದ್ಧ, ಸಾಕುವುದೂ ವಿರುದ್ಧ. ನಾನು ಪಂಜರದ ಬಾಗಿಲು ಮುಟ್ಟಲಿಲ್ಲ. "ನಿಮ್ಮ ಮನಿಯಾಗ ಹುಟ್ಟಿದ್ರ ನಿಮ್ಮನ್ನ ನೋಡಿ ಯಾಕ ಹಂಗ ಒದರ್ತಾವು?" ಅಂದೆ. ಅವರಿಗೆ ಸಿಟ್ಟು ಬಂತು. ಬರಲಿ. ನನ್ನ ರಿಂಗು ಸುಳ್ಳು ಸಾಕ್ಷಿ ಹೇಳಬಾರದು.

ಹೀಗೆ ಎಲ್ಲರನ್ನೂ ಅನುಮಾನಿಸುವುದು ನನಗೆ ಕೆಲಸದ ಒಂದು ಹತ್ಯಾರವೇ ಆಯಿತು. ಅದು ಒಮ್ಮೆ ಕುರುಗೋಡಿನಲ್ಲಿ ನನ್ನ ಕೈಯನ್ನೇ ಕೊಯ್ದಿತ್ತು. ಅಲ್ಲೇ ನಾನು ಬುದ್ಧಿ ಕಲಿಯಬೇಕಿತ್ತು.

ಕುರುಗೋಡಿನ ಎರ್ರಿಸ್ವಾಮಿ ಲವ್‌ಬರ್ಡ್ಸ್ ಸಾಕುತ್ತಿದ್ದ. ಒಂದು ಗೂಡಿನ ನಾಲ್ಕು ಮರಿಗೆ ಹೊಳೆಯುವ ಹೊಸ ರಿಂಗು ಹಾಕಿ ಬಂದೆ. ಮರುದಿನ ಬೆಳಿಗ್ಗೆ ಫೋನು. "ನಾಗಣ್ಣಾ, ಮೂರು ಮರಿ ಕೆಳಗ ಬಿದ್ದು ಸತ್ತಾವು. ಪಕ್ಕದ ಮನಿ ಬೆಕ್ಕಿಂದಾ ಕೆಲಸ." ಹೋಗಿ ನೋಡಿದೆ. ಬೆಕ್ಕಿನ ಹಲ್ಲಿನ ಗುರುತು ಇಲ್ಲ. ನನಗೆ ಎರ್ರಿಸ್ವಾಮಿಯ ಮೇಲೆಯೇ ಅನುಮಾನ. ಒಳ್ಳೆ ಮರಿ ಮಾರಿಕೊಂಡು ಯಾವುದೋ ಸತ್ತ ಮರಿ ತೋರಿಸುತ್ತಿದ್ದಾನೆ ಅಂತ. ಸತ್ತ ಮರಿಗಳ ಕಾಲಲ್ಲಿ ನನ್ನದೇ ರಿಂಗು ಇತ್ತು, ಆದರೂ ಅನುಮಾನ! ಅಷ್ಟರಲ್ಲಿ ಅವನಿಗೆ ನಿಜ ಕಂಡಿತ್ತು, ನನ್ನನ್ನು ಗೂಡಿನ ಮುಂದೆ ಕೂರಿಸಿದ. ಸ್ವಲ್ಪ ಹೊತ್ತಿಗೆ ತಾಯಿ ಹಕ್ಕಿ ಉಳಿದ ಒಂದು ಮರಿಯ ರಿಂಗನ್ನು ಕೊಕ್ಕಿನಲ್ಲಿ ಕಚ್ಚಿ ಬಾಗಿಲ ತನಕ ಎಳೆದು ತಂದಿತು. ಅದಕ್ಕೆ ಗೂಡು ಸ್ವಚ್ಛ ಇರಬೇಕು. ಹೊಳೆಯುವ ಬಳೆ ಅದರ ಕಣ್ಣಿಗೆ ಕಸ. ಕಸ ಎಸೆಯಲು ಹೋಗಿ ಮರಿಯನ್ನೇ ಎಸೆಯುತ್ತಿತ್ತು.

"ಈಗ ಯಾರ ಮ್ಯಾಲೆ ಕೇಸ್ ಹಾಕ್ತೀಯಪಾ? ತಾಯಿ ಮ್ಯಾಲಾ?" ಅಂದ ಎರ್ರಿಸ್ವಾಮಿ.

ಅಂದಿನಿಂದ ರಿಂಗು ಹಾಕುವ ಮೊದಲು ಮಸಿ ಹಚ್ಚಿ ಮಂಕು ಮಾಡುತ್ತೇನೆ. ಸಂಜೆ ಹೊತ್ತಿಗೆ ಹಾಕುತ್ತೇನೆ, ಕತ್ತಲಾದ ಮೇಲೆ ತಾಯಿ ಮರಿಗಳ ಮೇಲೆ ಕೂತುಬಿಡುತ್ತದೆ. ನೀವೂ ಹಾಗೇ ಮಾಡಿ. ರಿಂಗಿನ ವಿಷಯದಲ್ಲಿ ನಾನು ಬುದ್ಧಿ ಕಲಿತೆ. ಮನುಷ್ಯರ ವಿಷಯದಲ್ಲಿ ಕಲಿಯಲಿಲ್ಲ.

ಇನ್ನು ಒಂಬತ್ತರ ವಿಷಯ. ಅಂಗಡಿಯಲ್ಲಿ ನಂಬರು ಹೊಡೆಯುವ ಮೊಳೆಗಳ ಸೆಟ್ಟಿನಲ್ಲಿ ಒಂಬತ್ತು ಇರಲೇ ಇಲ್ಲ. ಅದು ಕಳೆದದ್ದಲ್ಲ, ಸೆಟ್ಟು ಬರುವುದೇ ಹಾಗೆ. ಆರರ ಮೊಳೆಯನ್ನು ತಿರುಗಿಸಿ ಹೊಡೆದರೆ ಒಂಬತ್ತು. ಪಾತ್ರೆಯ ಮೇಲೆ ಇದರಿಂದ ತೊಂದರೆ ಇಲ್ಲ. ಪಾತ್ರೆಗೆ ಬಾಯಿ ಒಂದು ಕಡೆ, ಬುಡ ಒಂದು ಕಡೆ. ರಿಂಗಿಗೆ ಎರಡೂ ಇಲ್ಲ. ತಿರುಗಿಸಿ ತೊಡಿಸಿದರೆ ಎಂಬತ್ತಾರು ತೊಂಬತ್ತೆಂಟಾಗುತ್ತದೆ. ಬೇಕಾದರೆ ಚೀಟಿಯ ಮೇಲೆ 86 ಅಂತ ಬರೆದು ತಿರುಗಿಸಿ ನೋಡಿ.

ಖಾದರ್ ಸಾಬರು ಮೊದಲೇ ಹೇಳಿದ್ದರು, "ನಂಬರಿನ ಕೆಳಗ ಒಂದು ಗೀಟು ಹೊಡಿ ನಾಗಪ್ಪ."

ನಾನು ಕೇಳಲಿಲ್ಲ. "ಸಾಹೇಬ್ರೇ, ತೊಡಸೋನು ನಾನು. ನಂಬರಿನ ತಲಿ ಯಾವಾಗ್ಲೂ ಹಕ್ಕಿ ಹೊಟ್ಟಿ ಕಡೆ, ಬುಡ ನೆಲದ ಕಡೆ. ನನ್ನ ಕೈಯಾಗ ತಲೆಕೆಳಗ ಹೋಗಾದಿಲ್ಲ."

ಹಲವು ವರ್ಷ ಹೋಗಲೂ ಇಲ್ಲ.

ಹುಲಿಗೆಮ್ಮ ನಮ್ಮ ಗುಂಪಿಗೆ ಬಂದದ್ದು ಈಗ ಆರೇಳು ವರ್ಷದ ಹಿಂದೆ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯಲ್ಲಿ ಕೆಲಸ, ಗಂಡ ಕರೂರಿನ ಕಡೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಗಿರಣಿಯಲ್ಲಿ ಕಾಲಡಿ ಬೀಳುವ ನೆಲ್ಲು ಗುಡಿಸಿ ತಂದು, ಮಾಳಿಗೆಯ ಮೇಲೆ ಇಪ್ಪತ್ತು ಪಾರಿವಾಳ ಸಾಕಿದ್ದಳು. ಗುಂಪಿನಲ್ಲಿ ಅವಳೊಬ್ಬಳೇ ಹೆಂಗಸು. ನಮ್ಮ ಯಾರ ಪೈಕಿಯೂ ಅಲ್ಲ, ಯಾರ ಶಿಫಾರಸೂ ಇಲ್ಲ. ಮೊದಲ ವರ್ಷವೇ ಹಾರಾಟದ ಸ್ಪರ್ಧೆಯಲ್ಲಿ ಅವಳ ಹಕ್ಕಿ ಮೂರನೆಯದಾಗಿ ಬಂತು. ಇಷ್ಟು ಸಾಕಾಗಿತ್ತು ನನಗೆ. ಏನೋ ಇದೆ ಅಂದುಕೊಂಡೆ.

ಎರಡನೇ ವರ್ಷ ಅವಳ ಎರಡು ಮರಿಗೆ ರಿಂಗು ಹಾಕಲು ಹೋದೆ. ಸಾಮಾನ್ಯವಾಗಿ ಮರಿಯನ್ನು ನಾನೇ ಎಡಗೈಯಲ್ಲಿ ಹಿಡಿದು ಕೂರುತ್ತೇನೆ. ಅವಳು ಬಿಡಲಿಲ್ಲ.

"ನಾನಾ ಹಿಡಕೊಂತೀನಿ ಕೊಡ್ರಿ. ಬಸ್ಸಿನ ಕಂಬಿ ಹಿಡದು ಬಂದೀರಿ, ನಿಮ್ಮ ಕೈ ಕಾದಾವು."

"ಮೂವತ್ತು ವರ್ಷದಿಂದ ಇದಾ ಕೈಯಮ್ಮಾ."

"ಇದ್ದೀತು. ಮರಿಗೆ ಏಳು ದಿನ."

ಅವಳು ನನ್ನೆದುರಿಗೆ ಕೂತು ಮರಿಯ ಕಾಲನ್ನು ನನ್ನ ಕಡೆ ಚಾಚಿದಳು. ನಾನು ಎಂಬತ್ತಾರು, ಎಂಬತ್ತೇಳು ಹಾಕಿದೆ. ವಹಿಯಲ್ಲಿ ಬರೆದುಕೊಂಡೆ. ಅದೇ ವಾರ ಬಳ್ಳಾರಿಯಲ್ಲಿ ಖಾದರ್ ಸಾಬರ ಮರಿಗೆ ತೊಂಬತ್ತೆಂಟು ಹಾಕಿದೆ.

ಮೂರ್ನಾಲ್ಕು ತಿಂಗಳಿಗೆ ಹಾರಾಟ ಕಲಿಸುವಾಗ ಖಾದರ್ ಸಾಬರ ತೊಂಬತ್ತೆಂಟು ತಪ್ಪಿಸಿಕೊಂಡಿತು. ನೀಲಿ ಬಣ್ಣ, ರೆಕ್ಕೆ ಮೇಲೆ ಎರಡು ಕರಿ ಪಟ್ಟಿ. ನಮ್ಮಲ್ಲಿ ಒಂದು ಕಟ್ಟಳೆ. ದಾರಿ ತಪ್ಪಿದ ರಿಂಗಿನ ಹಕ್ಕಿ ಮಾಳಿಗೆಗೆ ಬಂದಿಳಿದರೆ ನೀರು ಕೊಟ್ಟು, ನಂಬರು ಓದಿ, ಮಾಲೀಕರಿಗೆ ಫೋನು ಮಾಡಬೇಕು. ಇಟ್ಟುಕೊಂಡವರನ್ನು ಗುಂಪಿನಿಂದ ತೆಗೆಯುತ್ತೇವೆ.

ಸ್ಪರ್ಧೆಗೆ ಮೊದಲು ಹಕ್ಕಿಗಳ ತಪಾಸಣೆ ನನ್ನದು. ಹುಲಿಗೆಮ್ಮ ಬುಟ್ಟಿಯಿಂದ ತೆಗೆದು ನಿಲ್ಲಿಸಿದ ಹಕ್ಕಿ ನೀಲಿ, ಎರಡು ಪಟ್ಟಿ. ಕಾಲಲ್ಲಿ ತೊಂಬತ್ತೆಂಟು.

"ಇದು ಎಲ್ಲಿಂದ ಬಂತು?" ಅಂದೆ.

"ಎಲ್ಲಿಂದ ಅಂದ್ರ? ನೀವಾ ರಿಂಗ್ ಹಾಕಿದ್ರಲ್ಲ. ಎಂಬತ್ತಾರು."

"ತೊಂಬತ್ತೆಂಟು ಐತಿ."

ಅವಳು ಹಕ್ಕಿಯನ್ನು ಎತ್ತಿ, ಅಂಗಾತ ಮಾಡಿ, ಕಾಲನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. "ಎಂಬತ್ತಾರ್ರೀ. ನೋಡ್ರಿ. ನಾ ದಿನಾ ಹಿಂಗಾ ಓದೋದು."

"ನಿಲ್ಲಿಸಿ ಓದಬೇಕು, ಮಲಗಿಸಿ ಅಲ್ಲ. ನಿಲ್ಲಿಸಿದ್ರ ಏನೈತಿ?"

"ನಿಲ್ಲಿಸಿದ್ರ ತೊಂಬತ್ತೆಂಟು ಕಾಣ್ತೈತಿ. ನೀವು ಉಲ್ಟಾ ಹಾಕಿರಬೇಕು."

ಸುತ್ತ ಹತ್ತು ಹನ್ನೆರಡು ಜನ ಇದ್ದರು. ಉಲ್ಟಾ ಹಾಕಿರಬೇಕು ಅನ್ನುವ ಮಾತನ್ನು ಆ ಹತ್ತು ಹನ್ನೆರಡು ಜನರ ಮುಂದೆ ಒಬ್ಬಳು ನನಗೆ ಹೇಳಿದಳು. ಅವಳು ಹೇಳಿದ್ದು ನಿಜವೇ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಎಷ್ಟು ಚಾಲಾಕಿ ಇದ್ದಾಳೆ, ಆರು ಒಂಬತ್ತರ ಗುಟ್ಟು ಹಿಡಿದುಕೊಂಡೇ ಈ ನಂಬರಿನ ಹಕ್ಕಿ ಇಟ್ಟುಕೊಂಡಿದ್ದಾಳೆ ಅಂತ ಯೋಚಿಸಿದೆ.

"ಹಂಗಾದ್ರ ಇದರ ಜೋಡಿ ಹುಟ್ಟಿದ್ದು ಎಲ್ಲೈತಿ, ಎಂಬತ್ತೇಳು?" ಅಂತ ಯಾರೋ ಕೇಳಿದರು.

"ಮನ್ಯಾಗ ಐತಿ. ರೆಕ್ಕಿ ನೊಂದೈತಿ, ತಂದಿಲ್ಲ."

"ಈಗ ಅದೊಂದು ಕಥಿ" ಅಂದೆ ನಾನು.

ಖಾದರ್ ಸಾಬರೇ ಅಡ್ಡ ಬಂದರು. "ಛೋಡೋ ನಾಗಪ್ಪ, ಒಂದು ಪಕ್ಷಿಗೆ ಇಷ್ಟ್ಯಾಕ? ಅಕಿ ಹತ್ರಾನಾ ಇರ್ಲಿ." ನಾನು ಬಿಡಲಿಲ್ಲ. ಪ್ರಶ್ನೆ ಪಕ್ಷಿಯದಲ್ಲ, ಕಟ್ಟಳೆಯದು ಅಂದೆ. ಹಕ್ಕಿ ಖಾದರ್ ಸಾಬರ ಗೂಡಿಗೆ ಹೋಯಿತು. ಹುಲಿಗೆಮ್ಮನ ಹೆಸರು ಗುಂಪಿನಿಂದ ಹೋಯಿತು. ಸಿರುಗುಪ್ಪದಲ್ಲಿ ಅವಳ ಓಣಿಯವರೆಗೂ ಸುದ್ದಿ ಹೋಯಿತು. ಗಿರಣಿಯಲ್ಲಿ ಅವಳು ಹೊರಡುವಾಗ ಸೆರಗಿನ ಗಂಟು ಬಿಚ್ಚಿಸಿ ನೋಡಲು ಶುರು ಮಾಡಿದರಂತೆ. ಆ ಗುಡಿಸಿದ ನೆಲ್ಲನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಖಾದರ್ ಸಾಬರು ತಿಂಗಳ ಕಾಲ ಹಕ್ಕಿಯನ್ನು ಒಳಗಿಟ್ಟು ಆಮೇಲೆ ಬಿಟ್ಟರು. ಅದು ಬಳ್ಳಾರಿ ಗುಡ್ಡದ ಮೇಲೆ ಒಂದು ಸುತ್ತು ಹಾಕಿ ನೆಟ್ಟಗೆ ಸಿರುಗುಪ್ಪಕ್ಕೆ ಹೋಯಿತು. ಪಾರಿವಾಳ ಹುಟ್ಟಿದ ಗೂಡಿಗೆ ಹೋಗುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಹೇಳಿದೆ, "ಅಲ್ಲಿ ಜೋಡಿ ಕಟ್ಟಿಕೊಂಡೈತಿ, ಅದಕ್ಕಾ ಹೊಂಟೈತಿ." ನಾನೇ ಬಸ್ಸು ಹತ್ತಿ ಹೋಗಿ ತಂದೆ. ಮೊದಲ ಸಲ ಅವಳೇ ಹಿಡಿದು ಕೊಟ್ಟಳು. ಎರಡನೇ ಸಲ ಹೋಯಿತು, ಎರಡನೇ ಸಲ ತಂದೆ. "ಅದಕ್ಕ ದಾರಿ ಗೊತ್ತೈತಿ. ನಿಮಗಾ ಗೊತ್ತಾಗವಲ್ದು" ಅಂದಳು. ಮೂರನೇ ಸಲ ಹೋದಾಗ ಅವಳು ಅಕ್ಕಿ ಆರಿಸುತ್ತ ಕೂತಿದ್ದಳು, ಏಳಲಿಲ್ಲ.

"ಮಾಳಿಗಿ ಮ್ಯಾಲೆ ಐತಿ. ನೀವಾ ಹಿಡಕೊಳ್ರಿ. ಪ್ರತಿ ಸಲ ನಾನು ಹಿಡದು ಕೊಟ್ರ ನಾನಾ ಕದ್ದಂಗ ಕಾಣ್ತೈತಿ."

ಮೇಲೆ ಹೋದೆ. ಗೂಡಿನ ಡಬ್ಬಿಯೊಳಗೆ ಕಾವು ಕೂತಿದ್ದ ನೀಲಿ ಹಕ್ಕಿ ಕಂಡಿತು, ಎರಡು ಪಟ್ಟಿ. ಕೈ ಹಾಕಿ ತೆಗೆದು ಗೋಡೆಯ ಮೇಲೆ ನಿಲ್ಲಿಸಿ, ಪದ್ಧತಿಯಂತೆ ರಿಂಗು ಓದಿದೆ. ಎಂಟರ ಪಕ್ಕ ಒಂದು ಅಂಕಿ. ಯಾವ ಅಂಕಿಯೂ ಅಲ್ಲ ಅದು. ಕೆಳಗೆ ಅಡ್ಡಗೆರೆ, ಮೇಲಕ್ಕೆ ಓರೆಯಾಗಿ ಒಂದು ಕಡ್ಡಿ.

ಅದು ಏಳು. ತಲೆಕೆಳಗಾದ ಏಳು.

ನಾನು ಹಿಡಿದದ್ದು ಬೇರೆ ಹಕ್ಕಿ. ಎಂಬತ್ತೇಳು. ಅವತ್ತು ಅವಳು ಎದುರಿಗೆ ಕೂತು ಕಾಲು ಚಾಚಿದ್ದಳು. ನಾನು ರಿಂಗನ್ನು ನನಗೆ ನೆಟ್ಟಗೆ ಕಾಣುವಂತೆ ತೊಡಿಸಿದ್ದೆ, ಹಕ್ಕಿಗೆ ನೆಟ್ಟಗೆ ಅಲ್ಲ. ಎರಡೂ ತಲೆಕೆಳಗಾಗಿದ್ದವು. ಏಳು ಸುಳ್ಳು ಹೇಳಲು ಬಾರದೆ ಸಿಕ್ಕಿಬಿತ್ತು. ಆರು ಒಂಬತ್ತಾಗಿ ನಿಂತು ಒಂದು ಹೆಣ್ಣುಮಗಳನ್ನು ಕಳ್ಳಿ ಮಾಡಿತ್ತು.

ಮಾಳಿಗೆಯ ಮೇಲೆ ಆಗ ಬೇರೆ ಯಾರೂ ಇರಲಿಲ್ಲ. ನೋಡಿದವನು ನಾನೊಬ್ಬನೇ. ಬಚ್ಚಿಡುವುದಿಲ್ಲ, ಎರಡು ಉಪಾಯ ತಲೆಗೆ ಬಂದವು. ಒಂದು, ಕಿಸೆಯಲ್ಲಿದ್ದ ಕತ್ತರಿಯಿಂದ ಆ ಏಳನ್ನು ಕೊಯ್ದು ಹೊಳೆಗೆ ಎಸೆಯುವುದು. ಇನ್ನೊಂದು, ಅವಳು ಮರಿ ಹಿಡಿದದ್ದೇ ತಪ್ಪು ಅನ್ನುವುದು. ಅಷ್ಟು ವರ್ಷ ಊರೂರಿನ ಮೋಸ ಹಿಡಿದವನಿಗೆ ತನ್ನ ತಲೆಯಲ್ಲಿ ಮೋಸ ಎಷ್ಟು ಬೇಗ ಹುಟ್ಟುತ್ತದೆ ಅನ್ನುವುದು ಅವತ್ತು ಗೊತ್ತಾಯಿತು. ಹಕ್ಕಿ ಮೊಟ್ಟೆಗೆ ಹೋಗಲು ಒದ್ದಾಡುತ್ತಿತ್ತು. ಡಬ್ಬಿಯೊಳಗೆ ಬಿಟ್ಟೆ. ಖಾಲಿ ಬುಟ್ಟಿಯೊಂದಿಗೆ ಕೆಳಗಿಳಿದೆ. ಅವಳು ಬುಟ್ಟಿ ನೋಡಿ ಮತ್ತೆ ಅಕ್ಕಿ ಆರಿಸತೊಡಗಿದಳು. ಕಂಡದ್ದನ್ನು ಆಗ ಹೇಳಲಿಲ್ಲ. ಅವಳೊಬ್ಬಳಿಗೆ ಹೇಳಿ ಮುಗಿಸುವ ಮಾತಾಗಿರಲಿಲ್ಲ ಅದು.

ಆ ಭಾನುವಾರ ಖಾದರ್ ಸಾಬರನ್ನೂ ತಪಾಸಣೆ ದಿನ ಇದ್ದವರಲ್ಲಿ ಏಳು ಜನರನ್ನೂ ಕರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ದಾರಿಯಲ್ಲಿ ಯಾರಿಗೂ ಕಾರಣ ಹೇಳಲಿಲ್ಲ. ಮಾಳಿಗೆಯ ಮೇಲೆ ಎರಡೂ ಹಕ್ಕಿ ಗೋಡೆಯ ಮೇಲೆ ನಿಲ್ಲಿಸಿ ಹೇಳಿದೆ. "ಏಳು ನೋಡ್ರಿ. ತಲೆಕೆಳಗ ಐತಿ. ಎರಡೂ ನಾನಾ ಉಲ್ಟಾ ಹಾಕಿದ್ದು. ಇದು ಎಂಬತ್ತಾರು, ಹುಲಿಗೆಮ್ಮಂದು. ಅಕಿ ಕದ್ದಿಲ್ಲ. ತಪ್ಪು ನಂದು."

ಖಾದರ್ ಸಾಬರು ಕನ್ನಡಕ ಹಾಕಿಕೊಂಡು ಏಳನ್ನು ನೋಡಿದರು. "ಗೀಟು ಹೊಡಿ ಅಂದಿದ್ನಲ್ಲಲೇ" ಅಂದರು, ಅಷ್ಟೇ.

ಹುಲಿಗೆಮ್ಮ ಕೈ ಕಟ್ಟಿ ನಿಂತಿದ್ದಳು. ಸುತ್ತಲ ಮಾಳಿಗೆಗಳಲ್ಲಿ ಜನ ಎದ್ದು ನೋಡುತ್ತಿದ್ದರು.

"ಇನ್ನೊಂದ್ಸಲ ಹೇಳ್ರಿ. ಆ ಮನಿ ಮಂದಿಗೆ ಕೇಳ್ಸಿಲ್ಲ."

ಜೋರಾಗಿ ಹೇಳಿದೆ.

"ತೆಲುಗಿನಾಗೂ ಹೇಳ್ರಿ. ಮೂಲಿ ಮನಿಯವರಿಗೆ ಕನ್ನಡ ಪೂರಾ ತಿಳಿಯಂಗಿಲ್ಲ. ಕಳ್ಳಿ ಅನ್ನೋದು ಮಾತ್ರ ತಿಳಿದಿತ್ತು."

ತೆಲುಗಿನಲ್ಲೂ ಹೇಳಿದೆ. ತಪ್ಪು ನಾದಿ ಅಂದೆ. ಮೂಲೆ ಮನೆಯ ಮುದುಕಿ ತಲೆಯಾಡಿಸಿ ಒಳಗೆ ಹೋಯಿತು.

"ಕೊಯ್ದು ತೆಗೀಲೇನಮ್ಮಾ? ಬೇರೆ ನಂಬರಿನ ಸೀಳು ಪಟ್ಟಿ ಒಂದು ಮಾಡಿ ಕಾಲಿಗೆ ಸುತ್ತಿ ಬಿಗಿತೀನಿ" ಅಂದೆ.

"ಬ್ಯಾಡ. ಹಂಗಾ ಉಲ್ಟಾ ಇರ್ಲಿ. ನೋಡಿದೋರು ಯಾಕಂತ ಕೇಳ್ಲಿ, ನಾನು ಹೇಳ್ತೀನಿ."

ಗುಂಪಿನಲ್ಲಿ ಅವಳ ಹೆಸರು ಮತ್ತೆ ಸೇರಿತು. ಗಿರಣಿಗೆ ಖಾದರ್ ಸಾಬರು ತಾವೇ ಹೋಗಿ ಹೇಳಿ ಬಂದರು. ಅಲ್ಲಿ ಸೆರಗಿನ ಗಂಟು ಬಿಚ್ಚಿಸುವುದು ನಿಂತಿತೋ ಇಲ್ಲವೋ ನನಗೆ ಯಾರೂ ಹೇಳಿಲ್ಲ, ಕೇಳುವ ಮುಖ ನನಗಿಲ್ಲ. ಮುಂದಿನ ವರ್ಷ ಅವಳ ಮಾಳಿಗೆಗೆ ರಿಂಗು ಕಳಿಸಿದಾಗ ಅವಳು ನನ್ನನ್ನು ಕರೆಯಲಿಲ್ಲ. ತಾನೇ ಹಾಕಿಕೊಂಡಳು. ಈಗ ಸಿರುಗುಪ್ಪ, ಸಿರಿಗೇರಿ ಕಡೆಯವರೆಲ್ಲ ಮರಿಗಳಿಗೆ ಅವಳ ಕೈಯಲ್ಲೇ ಹಾಕಿಸುತ್ತಾರೆ. ಒಂದೂ ಕಾಲು ಮುರಿದಿಲ್ಲವಂತೆ. ಖಾದರ್ ಸಾಬರ ನಿಜವಾದ ತೊಂಬತ್ತೆಂಟು ಇಂದಿಗೂ ಬಂದಿಲ್ಲ.

ನಾನು ಎರಡು ವರ್ಷದ ಹಿಂದೆ ಈ ಕೆಲಸ ಬಿಟ್ಟೆ. ಕಣ್ಣು ಮಂಜು, ಬೆರಳಿಗೆ ಮೊದಲಿನ ಹಿಡಿತವಿಲ್ಲ. ಈಗ ಲೇಸರಿನಲ್ಲಿ ಬರೆದ ಬಣ್ಣದ ರಿಂಗುಗಳು ಬರುತ್ತವೆ, ಊರಿನ ಅಕ್ಷರ, ವರ್ಷ ಎಲ್ಲ ಅದರಲ್ಲೇ ಇರುತ್ತದೆ. ತಲೆಕೆಳಗಾದರೆ ಮಕ್ಕಳಿಗೂ ತಿಳಿಯುತ್ತದೆ. ನನಗೆ ಅವುಗಳ ಮೇಲೂ ಪೂರಾ ನಂಬಿಕೆ ಇಲ್ಲ. ಯಂತ್ರ ಒಂದೇ ನಂಬರನ್ನು ಎರಡು ಸಲ ಬರೆದದ್ದನ್ನು ಕಂಡಿದ್ದೇನೆ. ಹೊಸಬರಿಗೆ ನಾನು ಹೇಳುವುದು ಇಷ್ಟು. ಬಂದವರನ್ನು ಅನುಮಾನಿಸಿ, ಬಿಡಬೇಡಿ, ಈ ಕೆಲಸಕ್ಕೆ ಅದು ಬೇಕು. ಆದರೆ ಅನುಮಾನದ ಸಾಲಿನಲ್ಲಿ ಮೊದಲು ನಿಮ್ಮ ಕೈಯನ್ನು ನಿಲ್ಲಿಸಿ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಲೋಹ ಉಜ್ಜುವ ಅರ ಎರಡು, ಸುತ್ತಿಗೆ ಒಂದು, ಹಾಕದೆ ಉಳಿದ ರಿಂಗು ಮೂವತ್ತೊಂದು. ಕನ್ನಡಕ ಎರಡು, ಒಂದರ ಕಡ್ಡಿ ಮುರಿದಿದೆ. ಹಕ್ಕಿ ಒಂದೂ ಇಲ್ಲ. ಹೋದರೆ ಬಾ ನಾಗಪ್ಪ ಅಂತ ಕರೆದು ಕೂರಿಸುವ ಹಕ್ಕಿ ಸಾಕುವವರ ಮನೆ ಬಳ್ಳಾರಿಯಲ್ಲಿ ಹನ್ನೊಂದು, ಕುರುಗೋಡಿನಲ್ಲಿ ಎರಡು, ಸಿರುಗುಪ್ಪದಲ್ಲಿ ಇಲ್ಲ.